ಇವತ್ತು ಉಪ್ಪು ಸರಿಯಾಗಿದೆ ಅಂದರೆ ನಿನ್ನೆ ಸರಿಯಿರಲಿಲ್ಲ ಅಂತಾನಾ?

ಪ್ರಶ್ನೆ: ಮದುವೆಯಾಗಿ ಒಂದು ವರ್ಷ ಆಯ್ತು. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಅತ್ತೆ, "ಇವತ್ತು ಸಾರಿಗೆ ಉಪ್ಪು ಸರಿಯಾಗಿದೆ" ಅಂದರು. "ಹಾಗಾದ್ರೆ ನಿನ್ನೆ ಸರಿ ಇರಲಿಲ್ವಾ ಅತ್ತೆ?" ಅಂತ ಕೇಳಿದೆ. "ಅಯ್ಯೋ, ನಾನೆಲ್ಲಿ ಹಾಗಂದೆ? ಇವತ್ತಿಂದು ಚೆನ್ನಾಗಿದೆ ಅಂದೆ ಅಷ್ಟೇ" ಅಂದುಬಿಟ್ಟರು. ನನ್ನ ಗಂಡ ತಟ್ಟೆ ನೋಡುತ್ತಾ ಸುಮ್ಮನಿದ್ದರು. ಆಮೇಲೆ ಕೇಳಿದರೆ "ನೀನು ಇಲ್ಲದ ಅರ್ಥ ಹುಡುಕ್ತೀಯ" ಅನ್ನುತ್ತಾರೆ. ನಿಜವಾಗಿ ಅರ್ಥ ಇರುವುದು ಎಲ್ಲಿ? ಆಡಿದ ಮಾತಿನಲ್ಲೋ, ಕೇಳಿದ ನನ್ನ ತಲೆಯಲ್ಲೋ?

ಉತ್ತರ: ನಿಮ್ಮ ಅತ್ತೆ ಹಾಗೆ ಹೇಳಲಿಲ್ಲ, ಅದು ನಿಜ. ನಿಮಗೆ ಹಾಗೆ ಕೇಳಿಸಿದ್ದೂ ನಿಜ. ಅದು ಬರೀ ಭ್ರಮೆಯೂ ಅಲ್ಲ. ಇವೆರಡೂ ಒಟ್ಟಿಗೆ ಹೇಗೆ ನಿಜ ಆಗುತ್ತವೆ ಅನ್ನೋದೇ ನಾನು ಇಷ್ಟು ವರ್ಷ ತರಗತಿಯಲ್ಲಿ ಪಾಠ ಮಾಡಿಕೊಂಡು ಬಂದ ವಿಷಯ. ಆದರೂ ಇಷ್ಟು ಒಳ್ಳೆಯ ಉದಾಹರಣೆ ನನಗೆ ಯಾವತ್ತೂ ಸಿಕ್ಕಿರಲಿಲ್ಲ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಒಂದು ಮಾತು ಆಡಿದಾಗ ಮೂರು ಬೇರೆ ಬೇರೆ ಸಂಗತಿಗಳು ನಡೆಯಬಹುದು. ಹೇಳಿದ್ದು ಒಂದು. ಹೇಳದೇ ಸೂಚಿಸಿದ್ದು ಇನ್ನೊಂದು. ಹೇಳಿದವರು ಸೂಚಿಸದಿದ್ದರೂ ಕೇಳಿದವರು ತಾವಾಗಿಯೇ ಎತ್ತಿಕೊಂಡಿದ್ದು ಮೂರನೆಯದು. ನಿಮ್ಮ ಅತ್ತೆ ಮೊದಲನೆಯದನ್ನು ಹಿಡಿದುಕೊಂಡು ಮಾತಾಡಿದರು, ನೀವು ಎರಡನೆಯದನ್ನು ಹಿಡಿದುಕೊಂಡಿರಿ, ನಿಮ್ಮ ಗಂಡ ಇದು ಮೂರನೆಯದು ಅಂತ ತೀರ್ಪು ಕೊಟ್ಟರು. ಮೂವರೂ ಒಂದೇ ಸಾರಿನ ಬಗ್ಗೆ ಮಾತಾಡಿದರೂ ಮೂವರ ವಿಷಯ ಬೇರೆ ಬೇರೆ.

ಎರಡನೆಯದನ್ನು ಮೂರನೆಯದರಿಂದ ಬೇರ್ಪಡಿಸೋದು ಹೇಗೆ? ಇಲ್ಲಿ ಪಾಲ್ ಗ್ರೈಸ್ ಅನ್ನುವ ಇಂಗ್ಲಿಷ್ ತತ್ವಜ್ಞಾನಿಯ ನೆನಪು ಮಾಡಿಕೊಳ್ಳಲೇಬೇಕು. 1967ರಲ್ಲಿ ಹಾರ್ವರ್ಡ್‌ನಲ್ಲಿ ಅವರು ಕೊಟ್ಟ ಉಪನ್ಯಾಸಗಳಲ್ಲಿ ಒಂದು ಸರಳವಾದ ಮಾತಿದೆ. ಮಾತುಕತೆ ಅಂದರೆ ಇಬ್ಬರು ಸೇರಿ ಮಾಡುವ ಕೆಲಸ. ಕೆಲಸ ಸಾಗಬೇಕಾದರೆ ಇಬ್ಬರೂ ಕೆಲವು ನಂಬಿಕೆ ಇಟ್ಟುಕೊಂಡಿರಬೇಕು: ಎದುರಿನವರು ಬೇಕಾದಷ್ಟು ಹೇಳುತ್ತಾರೆ, ಜಾಸ್ತಿಯೂ ಇಲ್ಲ ಕಡಿಮೆಯೂ ಇಲ್ಲ, ಸುಳ್ಳು ಹೇಳುವುದಿಲ್ಲ, ವಿಷಯಕ್ಕೆ ಸಂಬಂಧಪಟ್ಟದ್ದನ್ನೇ ಹೇಳುತ್ತಾರೆ, ಅರ್ಥವಾಗುವ ಹಾಗೆ ಹೇಳುತ್ತಾರೆ. ಈ ನಂಬಿಕೆ ಗಟ್ಟಿಯಾಗಿರುವುದರಿಂದಲೇ, ಮಾತಿನಲ್ಲಿ ಒಂದು ಪದ ಬೇಡದೇ ಬಂದಂತೆ ಕಂಡರೆ ಅಥವಾ ಬೇಕಾದ ಪದ ಬರದೇ ಹೋದರೆ, ಕೇಳುವವರು "ಇದಕ್ಕೇನೋ ಕಾರಣ ಇರಬೇಕು" ಅಂತ ಹುಡುಕುತ್ತಾರೆ. ಹಾಗೆ ಹುಡುಕಿ ಸಿಗುವ ಅರ್ಥಕ್ಕೆ ಗ್ರೈಸ್ ಇಂಪ್ಲಿಕೇಚರ್ ಅಂತ ಹೆಸರಿಟ್ಟರು. ನಮ್ಮಲ್ಲಿ ಇಂಗಿತ ಅನ್ನಬಹುದು, ಸೂಚನೆ ಅನ್ನಬಹುದು.

ನಿಮ್ಮ ಅತ್ತೆಯ ಮಾತಿನಲ್ಲಿ ಆ ಪದ "ಇವತ್ತು". ಸಾರು ಎದುರಿಗೇ ಇದೆ, ಈಗಲೇ ಉಣ್ಣುತ್ತಿದ್ದಾರೆ. "ಸಾರಿಗೆ ಉಪ್ಪು ಸರಿಯಾಗಿದೆ" ಅಂದಿದ್ದರೆ ಸಾಕಿತ್ತು. ತಟ್ಟೆಯಲ್ಲಿರುವ ಸಾರು ಇವತ್ತಿನದ್ದು ಅಂತ ಯಾರಿಗೂ ಹೇಳಬೇಕಾಗಿರಲಿಲ್ಲ. ಹಾಗಿದ್ದೂ ಆ ಪದ ಬಂತು ಅಂದರೆ ಬೇರೆ ದಿನದ ಜೊತೆ ಹೋಲಿಕೆ ನಡೆದಿದೆ ಅಂತ ನಿಮ್ಮ ಕಿವಿ ಲೆಕ್ಕ ಹಾಕಿತು. ಆ ಲೆಕ್ಕ ಸುಮ್ನೆ ಹಾಕಿದ್ದಲ್ಲ.

ಆದರೆ ಇಂಥ ಸೂಚನೆಗೆ ಒಂದು ವಿಶೇಷ ಗುಣ ಇದೆ, ಅದನ್ನು ವಾಪಸ್ ತೆಗೆದುಕೊಳ್ಳಬಹುದು. "ಇವತ್ತು ಸಾರಿಗೆ ಉಪ್ಪು ಸರಿಯಾಗಿದೆ, ನಿನ್ನೆಯೂ ಸರಿಯಾಗಿಯೇ ಇತ್ತು" ಅಂತ ಅವರು ಮುಂದುವರಿಸಿದ್ದರೆ ಮಾತಿನಲ್ಲಿ ಯಾವ ವಿರೋಧವೂ ಇರುತ್ತಿರಲಿಲ್ಲ. ಹೇಳಿದ ಮಾತನ್ನು ಹೀಗೆ ವಾಪಸ್ ತೆಗೆದುಕೊಳ್ಳಲಾಗದು. "ಸಾರು ಕುದೀತಾ ಇದೆ, ಆದರೆ ತಣ್ಣಗಿದೆ" ಅಂದರೆ ಕೇಳಿದವರು ಮುಖ ನೋಡುತ್ತಾರೆ. ಸೂಚನೆಯನ್ನು ಗುರುತಿಸಲು ನಾನು ಮಕ್ಕಳಿಗೆ ಹೇಳಿಕೊಡುವ ಮೊದಲ ಪರೀಕ್ಷೆ ಇದೇ.

ಈಗ ಕನ್ನಡದ ಸೊಗಸು ನೋಡಿ. ಇದು ನನಗೆ ತುಂಬಾ ಇಷ್ಟವಾದ ಭಾಗ. ಅದೇ ವಾಕ್ಯಕ್ಕೆ ಒಂದೊಂದು ಬಾಲ ಸೇರಿಸುತ್ತಾ ಹೋಗಿ. "ಇವತ್ತೂ ಉಪ್ಪು ಸರಿಯಾಗಿದೆ" ಅಂದರೆ ನಿನ್ನೆಯೂ ಸರಿಯಿತ್ತು, ಖುಷಿಪಡಿ. "ಇವತ್ತಂತೂ ಉಪ್ಪು ಸರಿಯಾಗಿದೆ" ಅಂದರೆ ಉಳಿದ ದಿನದ ಮಾತು ಬಿಡಿ, ಇವತ್ತಿನ ಬಗ್ಗೆ ಅನುಮಾನ ಇಲ್ಲ. "ಇವತ್ತೇನೋ ಉಪ್ಪು ಸರಿಯಾಗಿದೆ" ಅಂದರೆ ನಾಳೆಯ ಮಾತು ಬೇರೆ. ಅದರ ಹಿಂದೆ ಒಂದು "ಆದರೆ" ಬಾಗಿಲಲ್ಲೇ ನಿಂತಿದೆ. "ಇವತ್ತಾದರೂ ಉಪ್ಪು ಸರಿಯಾಗಿದೆಯಲ್ಲ" ಅಂದರೆ ಮುಗಿಯಿತು, ಹಿಂದಿನ ದಿನಗಳ ದೂರೆಲ್ಲ ಆ "ಆದರೂ" ಒಳಗೇ ಕೂತಿದೆ. ಇದನ್ನು ವಾಪಸ್ ತೆಗೆದುಕೊಳ್ಳಲು ಪ್ರಯತ್ನಿಸಿ: "ಇವತ್ತಾದರೂ ಉಪ್ಪು ಸರಿಯಾಗಿದೆಯಲ್ಲ, ನಿನ್ನೆ ಮೊನ್ನೆಯೂ ಸರಿಯಾಗಿಯೇ ಇತ್ತು." ಕಿವಿಗೆ ಒಗ್ಗುವುದಿಲ್ಲ, ಅಲ್ವಾ? ಸಂದರ್ಭದಿಂದ ಹುಟ್ಟುವ ಸೂಚನೆ ಬೇರೆ, ಪದಕ್ಕೇ ಅಂಟಿಕೊಂಡು ಬರುವ ಸೂಚನೆ ಬೇರೆ ಅಂತ ಗ್ರೈಸ್ ಬೇರ್ಪಡಿಸಿದ್ದರು. ಇಂಗ್ಲಿಷ್‌ನಲ್ಲಿ ಎರಡನೆಯ ಬಗೆಗೆ ಉದಾಹರಣೆ ಕೊಡಲು ಸ್ವಲ್ಪ ತಡಕಾಡಬೇಕು. ನಮಗೆ ಊ, ಏ, ಅಂತೂ, ಆದರೂ, ಏನೋ, ಅಂತೆ ಅಂತ ಒಂದು ಡಬ್ಬಿ ತುಂಬಾ ಇವೆ, ದಿನಕ್ಕೆ ನೂರು ಸಲ ಬಳಸುತ್ತೇವೆ, ಲೆಕ್ಕಕ್ಕೂ ಇಟ್ಟುಕೊಳ್ಳುವುದಿಲ್ಲ.

ನಿಮ್ಮ ಅತ್ತೆಯ ಮಾತಿಗೆ ಇದರಿಂದ ಏನು ತಿಳಿಯುತ್ತದೆ ಅಂದರೆ, "ಇವತ್ತಾದರೂ" ಅಂದಿದ್ದರೆ ಅವರು "ನಾನೆಲ್ಲಿ ಹಾಗಂದೆ" ಅನ್ನಲು ಆಗುತ್ತಿರಲಿಲ್ಲ. ಅವರ ಬಾಯಿಂದ ಬಂದದ್ದು ಬಾಲವಿಲ್ಲದ "ಇವತ್ತು". ಸೂಚಿಸಿದರೂ ಮೆತ್ತಗೆ ಸೂಚಿಸಿದರು, ಬಾಗಿಲು ತೆರೆದೇ ಇಟ್ಟರು.

ಇನ್ನು, ಹೇಳಬೇಕಾದ್ದನ್ನು ಬಿಟ್ಟು ಸೂಚಿಸುವುದೂ ಇದೆ. ಸಂಬಂಧ ನೋಡುವಾಗ "ಹುಡುಗನ ಕೆಲಸ ಹೇಗೆ?" ಅಂತ ಕೇಳುತ್ತೀರಿ. ಎದುರಿನವರು "ತುಂಬಾ ಒಳ್ಳೆ ಹುಡುಗ, ಅಪ್ಪ ಅಮ್ಮನ್ನ ಚೆನ್ನಾಗಿ ನೋಡ್ಕೋತಾನೆ" ಅನ್ನುತ್ತಾರೆ. ಒಂದಕ್ಷರ ಸುಳ್ಳಿಲ್ಲ. ಆದರೂ ಕೆಲಸದ ಕತೆ ಏನು ಅಂತ ನಿಮಗೆ ಗೊತ್ತಾಯಿತು. ಗ್ರೈಸ್ ಕೊಟ್ಟ ಪ್ರಸಿದ್ಧ ಉದಾಹರಣೆಯೂ ಇಂಥದ್ದೇ. ತತ್ವಶಾಸ್ತ್ರದ ಹುದ್ದೆಗೆ ಅರ್ಜಿ ಹಾಕಿದ ಶಿಷ್ಯನ ಬಗ್ಗೆ ಗುರು ಪತ್ರ ಬರೆಯುತ್ತಾರೆ, ಅದರಲ್ಲಿ ಅವನ ಇಂಗ್ಲಿಷ್ ಚೆನ್ನಾಗಿದೆ, ತರಗತಿಗೆ ತಪ್ಪದೇ ಬರುತ್ತಿದ್ದ ಅಂತ ಮಾತ್ರ ಇರುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಅರ್ಥ ಮಾತಿನಲ್ಲೋ, ಕೇಳುಗರ ತಲೆಯಲ್ಲೋ? ಈ ಜಗಳ ಗ್ರೈಸ್‌ಗಿಂತ ಸಾವಿರ ವರ್ಷ ಹಿಂದೆಯೇ ಕಾಶ್ಮೀರದಲ್ಲಿ ನಡೆದಿದೆ. ಒಂಬತ್ತನೇ ಶತಮಾನದಲ್ಲಿ ಆನಂದವರ್ಧನ ಅನ್ನುವ ಕಾವ್ಯಮೀಮಾಂಸಕ ತನ್ನ ಧ್ವನ್ಯಾಲೋಕ ಅನ್ನುವ ಗ್ರಂಥದಲ್ಲಿ ಒಂದು ಹಳೆಯ ಪ್ರಾಕೃತ ಪದ್ಯ ಎತ್ತಿಕೊಂಡು ಇದನ್ನು ವಿವರಿಸಿದ. ಗೋದಾವರಿ ದಡದ ಪೊದೆಗಳಲ್ಲಿ ಒಬ್ಬ ಹೆಣ್ಣುಮಗಳು ನಲ್ಲನನ್ನು ಕದ್ದು ಭೇಟಿಯಾಗುತ್ತಿದ್ದಾಳೆ. ದಿನಾ ಒಬ್ಬ ಧಾರ್ಮಿಕ ಅಲ್ಲಿಗೆ ಸುತ್ತಾಡಲು ಬರುತ್ತಾನೆ. ಅವನಿಗೆ ಅಲ್ಲಿದ್ದ ನಾಯಿಯನ್ನು ಕಂಡರೆ ಭಯ. ಅವಳು ಅವನಿಗೆ ಹೇಳುತ್ತಾಳೆ: ಅಯ್ಯಾ, ಇನ್ನು ನಿಶ್ಚಿಂತೆಯಿಂದ ಓಡಾಡು, ಆ ನಾಯಿಯನ್ನು ಪೊದೆಯಲ್ಲಿರುವ ಸಿಂಹ ಇವತ್ತು ಕೊಂದುಹಾಕಿತು. ಮಾತು "ಓಡಾಡು" ಅನ್ನುತ್ತದೆ. ಅರ್ಥ "ಈ ಕಡೆ ತಲೆ ಹಾಕಬೇಡ". ಪದಗಳು ಹೇಳಿದ್ದಕ್ಕೆ ಪೂರಾ ಉಲ್ಟಾ. ಹೀಗೆ ಹೊಳೆಯುವ ಅರ್ಥಕ್ಕೆ ಆನಂದವರ್ಧನ ವ್ಯಂಗ್ಯಾರ್ಥ ಅಂದ. ನಾವು ಇವತ್ತು ವ್ಯಂಗ್ಯ ಅಂದರೆ ಬರೀ ಚುಚ್ಚುಮಾತು ಅಂದುಕೊಳ್ಳುತ್ತೇವೆ, ಆಗ ಅದಕ್ಕೆ ಆ ಮುಳ್ಳು ಇರಲಿಲ್ಲ, ಸೂಚಿತವಾದದ್ದು ಅಂತಷ್ಟೇ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ಕೆ. ಕೃಷ್ಣಮೂರ್ತಿ ಅವರು ಈ ಧ್ವನ್ಯಾಲೋಕವನ್ನು ಪರಿಷ್ಕರಿಸಿ ಇಂಗ್ಲಿಷಿಗೆ ಅನುವಾದಿಸಿ 1974ರಲ್ಲಿ ಅಲ್ಲಿಂದಲೇ ಹೊರತಂದರು.

ಸೂಚಿಸುವುದು ಮಾತಿನದ್ದೇ ಒಂದು ಶಕ್ತಿ ಅಂತ ಆನಂದವರ್ಧನನ ವಾದ. ಹನ್ನೊಂದನೇ ಶತಮಾನದ ಮಹಿಮಭಟ್ಟ ಇದನ್ನು ಒಪ್ಪಲಿಲ್ಲ. ಹೊಗೆ ನೋಡಿ ಬೆಂಕಿ ಇದೆ ಅನ್ನುವ ಹಾಗೆ ಕೇಳುಗನೇ ಊಹೆ ಮಾಡುತ್ತಾನೆ, ಮಾತಿಗೆ ಬೇರೆ ಶಕ್ತಿ ಏನೂ ಬೇಡ ಅಂದ. ಅಂದರೆ ನಿಮ್ಮ ಗಂಡನ ಪಕ್ಷ ಸ್ವಲ್ಪ ಆ ಕಡೆಗೆ. ಇದಕ್ಕೆ ಆನಂದವರ್ಧನನ ಪಕ್ಷ ಹಿಡಿದ ಮಮ್ಮಟ ಅನ್ನುವ ಕಾವ್ಯಮೀಮಾಂಸಕ ಕೊಟ್ಟ ಉತ್ತರ ನನಗೆ ಇವತ್ತಿಗೂ ಬೆಲೆಯುಳ್ಳದ್ದು ಅನ್ನಿಸುತ್ತದೆ. ಹೊಗೆಯಿದ್ದಲ್ಲಿ ಬೆಂಕಿ ಇದ್ದೇ ಇರುತ್ತದೆ, ಆದರೆ ಸಿಂಹ ಇದೆ ಅಂದ ಮಾತ್ರಕ್ಕೆ ಆ ಧಾರ್ಮಿಕ ಬರುವುದಿಲ್ಲ ಅಂತ ಗ್ಯಾರಂಟಿ ಏನು? ಹೆದರುಪುಕ್ಕಲನೂ ಗುರುವಿನ ಅಪ್ಪಣೆಗೋ ಪ್ರೀತಿಗೋ ಕಟ್ಟುಬಿದ್ದು ಹೋಗಬಹುದು. ನಾಯಿಗೆ ಹೆದರುವವನು ಸಿಂಹಕ್ಕೆ ಹೆದರದೆಯೂ ಇರಬಹುದು. ಇಷ್ಟು ಸಡಿಲವಾದದ್ದನ್ನು ಅನುಮಾನ ಪ್ರಮಾಣ, ಅಂದರೆ ಹೊಗೆಯಿಂದ ಬೆಂಕಿಯನ್ನು ತಿಳಿಯುವಂಥ ಖಚಿತವಾದ ತರ್ಕ, ಅನ್ನಲಾಗದು. ಆದರೂ ಅರ್ಥ ಮಾತ್ರ ತಪ್ಪದೇ ಹೊಳೆಯುತ್ತದೆ.

ಇದನ್ನೇ ನಿಮ್ಮ ಊಟದ ಮನೆಗೆ ತನ್ನಿ. "ಇವತ್ತು" ಅನ್ನುವ ಪದದಿಂದ ನಿನ್ನೆಯದ್ದು ಸಾಬೀತಾಗುವುದಿಲ್ಲ. ಸಾಬೀತಾಗದಿದ್ದರೂ ಹೊಳೆಯುತ್ತದೆ. ಹೊಳೆದದ್ದನ್ನು ಸಾಬೀತಾಯಿತು ಅಂದುಕೊಂಡು ನೀವು ಕೇಳಿದಿರಿ. ಸಾಬೀತಾಗಿಲ್ಲ ಅನ್ನುವುದನ್ನೇ ಹಿಡಿದು ಅವರು ಹೊಳೆದದ್ದನ್ನೂ ಇಲ್ಲ ಅಂದರು. ಇಬ್ಬರೂ ಒಂದೊಂದು ಹೆಜ್ಜೆ ಜಾಸ್ತಿ ಇಟ್ಟಿರಿ.

ಮಮ್ಮಟ ಇನ್ನೊಂದು ಉಪಕಾರ ಮಾಡಿದ್ದಾನೆ. ಯಾವುದರಿಂದ ಸೂಚನೆ ಹುಟ್ಟುತ್ತದೆ ಅಂತ ಪಟ್ಟಿ ಕೊಟ್ಟಿದ್ದಾನೆ: ಮಾತಾಡಿದವರು ಯಾರು, ಯಾರಿಗೆ, ಕಾಕು ಅಂದರೆ ದನಿಯ ಏರಿಳಿತ ಹೇಗಿತ್ತು, ಯಾವ ಪ್ರಸ್ತಾಪದಲ್ಲಿ, ಯಾವ ಜಾಗ, ಯಾವ ಹೊತ್ತು, ಹತ್ತಿರದಲ್ಲಿ ಮೂರನೆಯವರು ಯಾರಿದ್ದರು. "ಸೂರ್ಯ ಮುಳುಗಿದ" ಅನ್ನುವ ಒಂದೇ ವಾಕ್ಯ ಕೂಲಿಯವನಿಗೆ ಕೆಲಸ ನಿಲ್ಲಿಸು ಅಂತ, ದನ ಕಾಯುವವನಿಗೆ ಹಟ್ಟಿಗೆ ಹೊಡಿ ಅಂತ, ನಲ್ಲನ ದಾರಿ ಕಾಯುವವಳಿಗೆ ಬರುವ ಹೊತ್ತಾಯಿತು ಅಂತ ಕೇಳಿಸುತ್ತದೆ.

ಈ ಪಟ್ಟಿ ಹಿಡಿದು ನಿಮ್ಮ ಪ್ರಶ್ನೆ ಮತ್ತೆ ಓದಿದೆ. ನಿನ್ನೆ ಸಾರು ಮಾಡಿದ್ದು ಯಾರು ಅಂತ ನೀವು ಬರೆದಿಲ್ಲ. ನೀವೇ ಮಾಡಿದ್ದರೆ ಒಂದು ಅರ್ಥ. ಅತ್ತೆಯೇ ಮಾಡಿದ್ದರೆ ಅದೇ ವಾಕ್ಯ ನಿಮಗೆ ಹೊಗಳಿಕೆ, ತಮ್ಮ ಕೈಯ ಸಾರಿಗೇ ತೆಗಳಿಕೆ! ಹಾಗೇ ಮೂರನೆಯವರು ಪಕ್ಕದಲ್ಲೇ ಇದ್ದರು, ನಿಮ್ಮ ಗಂಡ, ಅವರ ಮಗ. ಮಾತು ನಿಮಗೆ ಆಡಿದ್ದೋ, ನಿಮ್ಮ ಮೂಲಕ ಮಗನ ಕಿವಿಗೆ ಹಾಕಿದ್ದೋ? ಅದೂ ತಿಳಿಯಬೇಕು. ಅವರ ದನಿ ಹೇಗಿತ್ತು ಅಂತ ನೀವು ಮಾತ್ರ ಬಲ್ಲಿರಿ. "ಇವತ್ತು" ಅನ್ನುವ ಪದವನ್ನು ಒತ್ತಿ, ಸ್ವಲ್ಪ ಎಳೆದು ಹೇಳಿದರಾ? ಇಲ್ಲ, "ಸರಿಯಾಗಿದೆ" ಅನ್ನುವಲ್ಲಿ ಒತ್ತು ಬಿತ್ತಾ? ಬಹಳಷ್ಟು ಹಿರಿಯರು "ಇವತ್ತು ಸೆಕೆ ಜಾಸ್ತಿ", "ಇವತ್ತು ಪೇಪರ್ ತಡ" ಅಂತ ಮಾತು ಶುರುಮಾಡುವುದೇ ಆ ಪದದಿಂದ, ಅವರ ಬಾಯಲ್ಲಿ ಅದಕ್ಕೆ ಹೋಲಿಕೆಯ ಭಾರ ಇರುವುದಿಲ್ಲ. ಅಂದಹಾಗೆ, ವಾಟ್ಸಾಪ್‌ನಲ್ಲಿ ಇಷ್ಟೊಂದು ಮನಸ್ತಾಪ ಆಗುವುದಕ್ಕೆ ಈ ಕಾಕು ಇಲ್ಲದಿರುವುದೇ ದೊಡ್ಡ ಕಾರಣ ಅಂತ ನನ್ನ ಅನಿಸಿಕೆ. ಬರೀ "ಸರಿ" ಅಂತ ಬಂದ ಮೆಸೇಜಿಗೆ ಓದುವವರೇ ತಮ್ಮ ಆ ಹೊತ್ತಿನ ಮನಸ್ಸಿನ ದನಿ ಹಚ್ಚಿಕೊಳ್ಳುತ್ತಾರೆ.

ಆನಂದವರ್ಧನನ ಶತಮಾನದಲ್ಲೇ ನಮ್ಮ ಕವಿರಾಜಮಾರ್ಗವೂ ಬಂತು. "ಪದನರಿದು ನುಡಿಯಲುಂ ನುಡಿದುದನರಿದಾರಯಲುಂ ಆರ್ಪರಾ ನಾಡವರ್ಗಳ್" ಅನ್ನುವ ಸಾಲಿನ ಮೊದಲರ್ಧ ಎಲ್ಲರಿಗೂ ಗೊತ್ತು, ಹದ ಅರಿತು ಮಾತಾಡುವುದು. ಎರಡನೆಯ ಅರ್ಧವನ್ನು ನಾವು ಬೇಗ ದಾಟಿಬಿಡುತ್ತೇವೆ. ಆಡಿದ್ದನ್ನು ಅರಿತು ಅದರ ಬಗ್ಗೆ ಯೋಚಿಸುವುದು, ಅದೂ ಒಂದು ಕಸುಬು ಅಂತ ಅಲ್ಲಿ ಬೇರೆಯಾಗಿ ಹೇಳಿದೆ.

ಇನ್ನು "ನಾನೆಲ್ಲಿ ಹಾಗಂದೆ" ಅನ್ನುವ ಮಾತು. ಅದು ನಿಜವೇ ಆದರೂ ಯಾವಾಗಲೂ ಅದರಿಂದ ತಪ್ಪಿಸಿಕೊಳ್ಳಲಾಗದು. ನಮ್ಮ ಕಾನೂನು ಇದನ್ನು ಎಷ್ಟು ಚೆನ್ನಾಗಿ ಕಂಡುಕೊಂಡಿದೆ ನೋಡಿ. 1860ರ ಭಾರತೀಯ ದಂಡ ಸಂಹಿತೆಯ 499ನೇ ಸೆಕ್ಷನ್ ಮಾನಹಾನಿಯದ್ದು. ಅದರಲ್ಲಿ ಮೊದಲ ದೃಷ್ಟಾಂತ ಹೀಗಿದೆ: ಒಬ್ಬ, "ಅವನು ಪ್ರಾಮಾಣಿಕ ಮನುಷ್ಯ, ಇವನ ಗಡಿಯಾರವನ್ನು ಅವನು ಕದ್ದೇ ಇಲ್ಲ" ಅನ್ನುತ್ತಾನೆ, ಕದ್ದಿದ್ದಾನೆ ಅಂತ ಜನ ನಂಬಲಿ ಅನ್ನುವ ಉದ್ದೇಶದಿಂದ. ಇದು ಮಾನಹಾನಿ. ಪದಗಳೆಲ್ಲ ಹೊಗಳಿಕೆ, ಆದರೂ ಅಪರಾಧ. ಈಗ ಆ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿದೆ. ಈ ದೃಷ್ಟಾಂತದಲ್ಲಿ ಮುಖ್ಯವಾದ ಪ್ರಶ್ನೆ ಇದು: ಕೇಳಿದವರು ಹಾಗೆ ನಂಬಲಿ ಅಂತ ಹೇಳಿದವನ ಉದ್ದೇಶ ಇತ್ತಾ? ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಗೆರೆ ಅದೇ. ಉದ್ದೇಶ ಇದ್ದರೆ ಅದು ಸೂಚನೆ, ಹೇಳಿದವರೇ ಹೊಣೆ. ಇಲ್ಲದಿದ್ದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನಿನ್ನೆ ಉಪ್ಪು ಕಮ್ಮಿಯಾಯಿತೇನೋ ಅಂತ ನಿಮ್ಮ ಮನಸ್ಸಿನಲ್ಲಿ ಮೊದಲೇ ಒಂದು ಕೊರೆತ ಇತ್ತಾ? ಇದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಹಾಗಂತ ಸೂಚಿಸಿ ಮಾತಾಡುವವರೆಲ್ಲ ಹೊಣೆ ತಪ್ಪಿಸಿಕೊಳ್ಳುವವರು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ನನ್ನ ಅಮ್ಮ ಇರುವುದು ಮಲೆನಾಡಿನಲ್ಲಿ. ಒಂದು ವರ್ಷ ಮೇ ಕೊನೆಯಲ್ಲಿ ಫೋನ್ ಮಾಡಿ, "ಹಲಸಿನ ಹಣ್ಣು ಬಿದ್ದು ಬಿದ್ದು ಕೊಳೀತಾ ಇದೆ, ತಿನ್ನೋರೇ ಇಲ್ಲ" ಅಂದರು. ನಾನು ಪರೀಕ್ಷೆ ಪೇಪರ್ ತಿದ್ದುವ ಗಡಿಬಿಡಿಯಲ್ಲಿ "ಪಕ್ಕದ ಮನೆಯವರಿಗೆ ಕೊಟ್ಟುಬಿಡು ಅಮ್ಮ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಹ್ಞೂಂ, ಕೊಡ್ತೀನಿ" ಅಂದರು. ಮೂರು ದಿನ ಆದಮೇಲೆ ಪೇಪರ್ ಕಟ್ಟು ಕಟ್ಟಿ ಇಡುವಾಗ ಆ ಮೌನ ನೆನಪಾಗಿ ಎದೆ ಧಸಕ್ ಅಂದಿತು. ಹಲಸಿನ ಹಣ್ಣಿನ ವಿಲೇವಾರಿ ಕೇಳಲು ಅವರು ಫೋನ್ ಮಾಡಿರಲಿಲ್ಲ. ಬಾ ಅಂತ ನೇರವಾಗಿ ಅಂದಿದ್ದರೆ ನಾನು ರಜೆ ಇಲ್ಲ ಅನ್ನಬೇಕಾಗುತ್ತಿತ್ತು, ಮಗ ಬರಲ್ಲ ಅಂದ ಅನ್ನುವ ಮಾತು ಅವರ ಹತ್ತಿರ ಉಳಿದುಬಿಡುತ್ತಿತ್ತು. ಆ ನೋವು ಇಬ್ಬರಿಗೂ ಬೇಡ ಅಂತ ಹಣ್ಣಿನ ಹೆಸರು ತಂದರು. ನಾನು ಪದಗಳಿಗೆ ಉತ್ತರ ಕೊಟ್ಟೆ. ಆ ವಾರವೇ ಬಸ್ ಹತ್ತಿದೆ.

ಇದರ ಜೊತೆಗೆ ಒಂದು ಮಾತು ನಿಮಗೆ ಉಪಯೋಗಕ್ಕೆ ಬರಬಹುದು. ಎಷ್ಟು ಹೇಳಬೇಕು, ಎಷ್ಟು ಬಿಡಬೇಕು ಅನ್ನುವ ರೂಢಿ ಎಲ್ಲ ಕಡೆ ಒಂದೇ ಅಲ್ಲ. ಎಲಿನಾರ್ ಓಕ್ಸ್ ಕೀನನ್ ಅನ್ನುವವರು ಮಡಗಾಸ್ಕರ್‌ನ ಒಂದು ಹಳ್ಳಿಯಲ್ಲಿದ್ದು 1976ರಲ್ಲಿ ಬರೆದ ಲೇಖನದಲ್ಲಿ, ಅಲ್ಲಿನವರು ಗೊತ್ತಿದ್ದ ವಿಷಯವನ್ನೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ ಅಂತ ತೋರಿಸಿದರು. ನಿನ್ನ ಅಮ್ಮ ಎಲ್ಲಿ ಅಂದರೆ ಮನೆಯಲ್ಲೋ ಸಂತೆಯಲ್ಲೋ ಇದ್ದಾಳೆ ಅನ್ನುತ್ತಾರೆ. ನಮ್ಮ ಕಿವಿಗೆ ಅದು "ನನಗೆ ಸರಿಯಾಗಿ ಗೊತ್ತಿಲ್ಲ" ಅಂತ ಕೇಳುತ್ತದೆ, ಅಲ್ಲಿನವರಿಗೆ ಹಾಗೆ ಕೇಳುವುದಿಲ್ಲ. ಅಷ್ಟು ದೂರ ಯಾಕೆ, ನಮ್ಮಲ್ಲೇ ಮನೆ ಮನೆಗೂ ರೂಢಿ ಬೇರೆ. ನಿಮ್ಮ ತವರಿನಲ್ಲಿ "ಉಪ್ಪು ಕಮ್ಮಿ, ಇನ್ನಷ್ಟು ಹಾಕು" ಅಂತ ಮುಖಕ್ಕೇ ಹೇಳುವವರಿರಬಹುದು, ಅಲ್ಲಿ ಹೇಳದೇ ಬಿಟ್ಟದ್ದಕ್ಕೆ ಅರ್ಥ ಕಮ್ಮಿ. ಈ ಮನೆಯಲ್ಲಿ ಮೆತ್ತಗೆ ಸೂಚಿಸುವುದೇ ಮರ್ಯಾದೆ ಇರಬಹುದು. ಒಂದು ವರ್ಷ ಅಂದರೆ ಒಂದು ಮನೆಯ ಮಾತಿನ ವರಸೆ ಕಲಿಯಲು ಕಡಿಮೆ ಸಮಯವೇ.

ಮುಂದಿನ ಸಲ ಇಂಥ ಮಾತು ಬಂದರೆ ನಾನಾಗಿದ್ದರೆ "ಹಾಗಂದ್ರಾ?" ಅಂತ ಕೇಳುವುದಿಲ್ಲ. ಆ ಪ್ರಶ್ನೆಗೆ "ಇಲ್ಲ" ಅನ್ನುವುದು ಬಿಟ್ಟರೆ ಅವರಿಗೆ ಬೇರೆ ದಾರಿ ಇರುವುದಿಲ್ಲ. "ನಿನ್ನೆ ಸ್ವಲ್ಪ ಕಮ್ಮಿಯಾಗಿತ್ತು ಅನ್ಸುತ್ತೆ ಅತ್ತೆ, ನಾಳೆ ಒಲೆ ಮೇಲಿದ್ದಾಗಲೇ ಒಂದು ಸಲ ರುಚಿ ನೋಡಿ ಹೇಳ್ತೀರಾ?" ಅಂದು ನೋಡಿ. ಸೂಚಿಸಿದ್ದೇ ಆಗಿದ್ದರೆ ಅದು ತಲುಪಿತು ಅಂತ ಅವರಿಗೆ ಗೊತ್ತಾಗುತ್ತದೆ. ಸೂಚಿಸಿರದಿದ್ದರೆ "ಅಯ್ಯೋ, ನಿನ್ನೆಯದ್ದೂ ಚೆನ್ನಾಗಿತ್ತು" ಅನ್ನಲು ಅವರಿಗೆ ಸುಲಭ, ಆಗ ಅದನ್ನು ನಂಬಿ.

ಕೊನೆಗೆ ನಿಮ್ಮ ಗಂಡನ ಮೌನ. ನೀವು ಅದನ್ನು ಕೇಳಲಿಲ್ಲ, ಆದರೆ ಬರೆದಿದ್ದೀರಿ, ಹಾಗಾಗಿ ಅದೂ ನಿಮ್ಮನ್ನು ಕಾಡಿದೆ ಅಂದುಕೊಳ್ಳುತ್ತೇನೆ. ಮಾತು ಬರಬೇಕಿದ್ದ ಕಡೆ ಬರದಿದ್ದರೆ ಮಾತ್ರ ಮೌನಕ್ಕೆ ಅರ್ಥ. ಅವತ್ತು ಅಲ್ಲಿ ಅವರ ಮಾತಿಗೆ ಜಾಗ ಇತ್ತು, ಯಾಕೆಂದರೆ ನಿನ್ನೆಯ ಸಾರನ್ನು ಅವರೂ ಉಂಡಿದ್ದರು. ಇಲ್ಲದ ಅರ್ಥ ಹುಡುಕುತ್ತೀಯ ಅನ್ನುವ ಮೊದಲು ಅವರು ಹೇಳಬಹುದಾಗಿದ್ದ ಒಂದು ವಿಷಯ ಇದೆ, ನಿನ್ನೆ ಉಪ್ಪು ಹೇಗಿತ್ತು ಅಂತ. ಅದನ್ನು ಅವರನ್ನೇ ಕೇಳಿ.